ಬಡವಾ, ನೀ ಫೋನ್ ಹಿಡಿದಂಗಿರು!

ಚಳ್ಳಕೆರೆಯಲ್ಲಿ ಈಚೆಗೆ ನಡೆದ ವಿದ್ಯಾರ್ಥಿಗಳ ಸಮಾರಂಭವೊಂದರಲ್ಲಿ ಮುಖ್ಯ ಅತಿಥಿಗಳು ಜೇಬಿನಿಂದ ಫೋನ್ ತೆಗೆದು ಮೇಲೆತ್ತಿ ಹಿಡಿದರು. ‘ಮಕ್ಕಳೇ, ಇದರೊಳಗೆ ಒಂದು ವಿಶ್ವವಿದ್ಯಾಲಯವೇ ಇದೆ. ನಿಮಗೆ ಇನ್ನೇನೂ ಬೇಡ’ ಎಂದರು. ಜೋರು ಚಪ್ಪಾಳೆ. ಹಿಂದಿನ ಸಾಲಿನಲ್ಲಿ ಕೂತಿದ್ದ ನನಗೆ ಅವರ ಇನ್ನೊಂದು ಕೈ ಕಾಣುತ್ತಿತ್ತು. ಅದರಲ್ಲಿ ಭಾಷಣದ ಪ್ರತಿ ಇತ್ತು: ಯಾರೋ ಕಂಪ್ಯೂಟರಿನಲ್ಲಿ ಟೈಪು ಮಾಡಿ, ಪ್ರಿಂಟು ತೆಗೆದು, ಪಿನ್ ಹೊಡೆದು ಕೊಟ್ಟ ಮೂರು ಹಾಳೆ. ವಿಶ್ವವಿದ್ಯಾಲಯ ಫೋನಿನೊಳಗಿದ್ದರೂ ಮೂರು ಹಾಳೆಯ ಭಾಷಣ ಅದರಿಂದ ಹೊರಬಂದಿರಲಿಲ್ಲ.

ಈ ಮಾತು ಅವರೊಬ್ಬರದಾಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಎಣ್ಣೆ ಮಿಲ್ಲಿನ ಎದುರಿನ ಟೀ ಅಂಗಡಿ, ಮೊಳಕಾಲ್ಮುರಿನ ನೇಕಾರರ ಬೀದಿಯ ಜಗಲಿ, ಶಾಲೆಯ ಸ್ಟಾಫ್ ರೂಮು, ಎಲ್ಲಿ ಕೂತರೂ ಇದೇ ತೀರ್ಪು. ‘ಹುಡುಗ್ರಿಗೆ ಕಂಪ್ಯೂಟ್ರು ಯಾಕಪ್ಪ? ಫೋನ್ ಐತಲ್ಲ, ಅದ್ರಾಗೇ ಎಲ್ಲಾ ಬರುತ್ತೆ.’ ಕೇಳಲು ಎಷ್ಟು ಹಿತವಾದ ಮಾತು! ಅಪ್ಪನಿಗೆ ಖರ್ಚು ಉಳಿಯಿತು, ಮೇಷ್ಟರಿಗೆ ಕೆಲಸ ಉಳಿಯಿತು, ಸರ್ಕಾರಕ್ಕೆ ಜವಾಬ್ದಾರಿಯೇ ಉಳಿಯಲಿಲ್ಲ. ‘ಬಡವಾ, ನೀ ಮಡಗಿದಂಗಿರು’ ಎಂದು ಹಿಂದಿನ ಯಜಮಾನರು ನೇರವಾಗಿ ಹೇಳುತ್ತಿದ್ದರು. ಈಗಿನವರು ಗಾದೆಯನ್ನು ಸ್ವಲ್ಪ ನಯ ಮಾಡಿಕೊಂಡಿದ್ದಾರೆ, ಅಷ್ಟೆ: ಬಡವಾ, ನೀ ಫೋನ್ ಹಿಡಿದಂಗಿರು.

ಮೊದಲಿಗೆ, ಇದನ್ನು ಹೇಳುವವರು ಯಾರೆಂದು ನೋಡಿ. ಮಗಳಿಗೆ ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಕೊಡಿಸಿದವರು. ಮಗನ ಓದುಕೋಣೆಯಲ್ಲಿ ಮೇಜು, ಕುರ್ಚಿ, ಮಾನಿಟರ್ ಎಲ್ಲ ಜೋಡಿಸಿದವರು. ‘ಫೋನ್ ಸಾಕು’ ಎಂಬ ಜ್ಞಾನೋದಯ ಇವರಿಗೆ ಸ್ವಂತ ಮಕ್ಕಳ ವಿಷಯದಲ್ಲಿ ಆದದ್ದನ್ನು ನಾನಂತೂ ಕಂಡಿಲ್ಲ. ಅದು ಆಗುವುದೆಲ್ಲ ಹಟ್ಟಿಯ ಮಕ್ಕಳ, ಹಾಸ್ಟೆಲ್ ಮಕ್ಕಳ, ಮಗ್ಗದ ಮನೆಯ ಮಕ್ಕಳ ವಿಷಯದಲ್ಲಿ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ಲೆಕ್ಕ ಹಾಕಿದಾಗ ದೇಶದ ನಗರಗಳಲ್ಲಿ ನೂರಕ್ಕೆ 23ಕ್ಕೂ ಹೆಚ್ಚು ಮನೆಗಳಲ್ಲಿ ಕಂಪ್ಯೂಟರ್ ಇತ್ತು. ಹಳ್ಳಿಗಳಲ್ಲಿ? ನೂರಕ್ಕೆ ನಾಲ್ಕೂವರೆಯೂ ಇಲ್ಲ. ಫೋನೇ ಸಾಕೆಂದಾದರೆ ನಗರದವರು ಇಷ್ಟೊಂದು ಹಣವನ್ನು ಹುಚ್ಚಿಗೆ ಸುರಿದರೆ?

ಇನ್ನು ನಮ್ಮೂರಿನ ಸೈಬರ್ ಅಂಗಡಿಗಳ ಮುಂದೆ ಒಂದು ಬೆಳಿಗ್ಗೆ ನಿಂತು ನೋಡಿ. ಸಾಲಿನಲ್ಲಿರುವ ಪ್ರತಿಯೊಬ್ಬನ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ. ‘ಎಲ್ಲಾ ಬರುವ’ ಯಂತ್ರ ಕೈಯಲ್ಲಿರುವಾಗ ಇವರು ಯಾಕೆ ನಿಂತಿದ್ದಾರೆ? ಸ್ಕಾಲರ್‌ಶಿಪ್ ಅರ್ಜಿಗೆ ಜಾತಿ ಪ್ರಮಾಣಪತ್ರವನ್ನು ಪಿಡಿಎಫ್ ಮಾಡಬೇಕು. ಫೋಟೊವನ್ನು 50 ಕೆಬಿಗೆ ಇಳಿಸಬೇಕು. ಸಹಿಯನ್ನು ಕತ್ತರಿಸಿ ಅಂಟಿಸಬೇಕು. ನಡುವೆ ಪುಟ ಮಾಯವಾದರೆ ಮೊದಲಿನಿಂದ ತುಂಬಬೇಕು. ಅದಕ್ಕೆ ಒಂದೊಂದು ಸಲಕ್ಕೂ ಐವತ್ತೋ ನೂರೋ ತೆತ್ತು, ತಮ್ಮ ಆಧಾರ್, ಪಾಸ್‌ವರ್ಡ್, ಒಟಿಪಿ ಎಲ್ಲವನ್ನೂ ಅಪರಿಚಿತರ ಮುಂದೆ ಹರಡಿ ಬರುತ್ತಾರೆ. ಅಂಗಡಿಯವರನ್ನು ನಾನು ದೂರುತ್ತಿಲ್ಲ. ಅವರು ದುಡಿದು ತಿನ್ನುತ್ತಿದ್ದಾರೆ. ಕಂಪ್ಯೂಟರ್ ಮುಂದೆ ಕೂತವನಿಗೆ ದುಡ್ಡು, ಫೋನ್ ಹಿಡಿದು ನಿಂತವನಿಗೆ ಸಾಲು ಎಂಬ ಪಾಠವನ್ನು ಬೀದಿಯೇ ದಿನವೂ ಮಾಡುತ್ತಿರುವಾಗ ನಾವು ಅದನ್ನು ಓದಿಕೊಳ್ಳಲಿಲ್ಲವಲ್ಲ ಎಂಬುದಷ್ಟೇ ನನ್ನ ಸಿಟ್ಟು.

ಪರೀಕ್ಷೆಗಳ ಕಥೆ ಇನ್ನೂ ಕ್ರೂರ. ರೈಲ್ವೆ, ಎಸ್‌ಎಸ್‌ಸಿ, ಬ್ಯಾಂಕು, ನಮ್ಮ ಹುಡುಗರು ವರ್ಷಗಟ್ಟಲೆ ಕಣ್ಣಿಟ್ಟು ಓದುವ ಈ ಪರೀಕ್ಷೆಗಳೆಲ್ಲ ಕಂಪ್ಯೂಟರಿನ ಮುಂದೆ ಕೂತು ಬರೆಯುವಂಥವು. ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್ 2019ರಿಂದ ಹಾಗೆಯೇ ನಡೆಯುತ್ತಿದೆ. ರಾಜ್ಯ ಸರ್ಕಾರಿ ನೌಕರರಿಗೆ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಬೇಕೆಂಬ ನಿಯಮ 2012ರಷ್ಟು ಹಳೆಯದು. ಅಂದರೆ ಕೆಲಸ ಕೊಡುವ ಸರ್ಕಾರ ‘ಕಂಪ್ಯೂಟರ್ ಬರುತ್ತದೆಯೆ?’ ಎಂದು ಕೇಳುತ್ತದೆ; ಕೆಲಸಕ್ಕೆ ಮಕ್ಕಳನ್ನು ತಯಾರು ಮಾಡುವ ನಾವು ‘ಫೋನ್ ಸಾಕು’ ಎಂದು ಕಳುಹಿಸುತ್ತೇವೆ. ದೂರದ ಊರಿನ ಪರೀಕ್ಷಾ ಕೇಂದ್ರದಲ್ಲಿ, ಗಡಿಯಾರ ಓಡುತ್ತಿರುವಾಗ, ಜೀವನದಲ್ಲಿ ಮೊದಲ ಸಲ ಮೌಸ್ ಹಿಡಿದ ಹುಡುಗಿಯ ಬೆರಳು ನಡುಗಿದರೆ ಆ ನಡುಕಕ್ಕೆ ಅಂಕ ಕಳೆದವರು ಯಾರು? ಪ್ರಶ್ನೆಪತ್ರಿಕೆಯೆ?

‘ಆದರೂ ಕಲಿಯುವ ಮನಸ್ಸಿದ್ದರೆ ಫೋನಿನಲ್ಲೂ ಕಲಿಯಬಹುದು’ ಎನ್ನುವವರಿದ್ದಾರೆ. ಮನಸ್ಸಿದ್ದರೆ ಬೀದಿದೀಪದ ಕೆಳಗೂ ಓದಬಹುದು. ಹಾಗೆಂದು ಮನೆಗೆ ಕರೆಂಟು ಬೇಡ ಎನ್ನುತ್ತೇವೆಯೆ? 2024ರ ‘ಅಸರ್’ ವರದಿ ದೇಶದ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳನ್ನು ಕೇಳಿ ನೋಡಿತು. ನೂರಕ್ಕೆ 82 ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಹಿಂದಿನ ವಾರದಲ್ಲಿ ಓದಿಗೆ ಸಂಬಂಧಿಸಿದ ಯಾವುದಾದರೂ ಕೆಲಸಕ್ಕೆ ಅದನ್ನು ಬಳಸಿದವರು 57. ಸಾಮಾಜಿಕ ಜಾಲತಾಣಕ್ಕೆ ಬಳಸಿದವರು 76. ಇದರಲ್ಲಿ ಮಕ್ಕಳ ತಪ್ಪೇನಿದೆ? ಬೆರಳಿನಿಂದ ಉಜ್ಜುತ್ತಾ ನೋಡುವುದಕ್ಕೆಂದೇ ಮಾಡಿದ ಯಂತ್ರವನ್ನು ಅವರು ಉಜ್ಜುತ್ತಾ ನೋಡಿದರು. ಮೊಳಕಾಲ್ಮುರಿನ ಯಾವ ನೇಕಾರನನ್ನಾದರೂ ಕೇಳಿ, ಸೀರೆ ನೋಡುವುದು ಬೇರೆ, ಸೀರೆ ನೇಯುವುದು ಬೇರೆ. ನೋಡುವವನು ಗಿರಾಕಿ, ನೇಯುವವನಿಗೆ ಮಗ್ಗ ಬೇಕು. ಲೆಕ್ಕದ ಹಾಳೆ ಮಾಡಲು, ಹತ್ತು ಪುಟ ಬರೆಯಲು, ಪ್ರೋಗ್ರಾಮ್ ಕಟ್ಟಲು, ಸೀರೆಯಂಚಿನ ಡಿಸೈನ್ ಬಿಡಿಸಲು ಎರಡೂ ಕೈ ಊರುವ ಕೀಬೋರ್ಡು, ಕಣ್ಣಿಗೆ ಹಿಡಿಸುವ ಪರದೆ, ಬೆನ್ನು ನೆಟ್ಟಗೆ ಮಾಡಿ ಕೂರುವ ಒಂದು ಜಾಗ ಬೇಕು. ‘ಫೋನ್ ಸಾಕು’ ಎನ್ನುವವರು ನಮ್ಮ ಮಕ್ಕಳಿಗೆ ಹೇಳುತ್ತಿರುವುದು ಇಷ್ಟೇ: ನೀವು ಗಿರಾಕಿಗಳಾಗಿರಿ, ನೇಯುವವರು ಬೇರೆ ಕಡೆ ಇದ್ದಾರೆ.

ಸ್ವಲ್ಪ ಉದಾರಿಗಳಾದವರು ಎರಡನೇ ಸಲಹೆ ಕೊಡುತ್ತಾರೆ: ‘ಡೆಸ್ಕ್‌ಟಾಪ್ ಕಾಲ ಮುಗೀತು ಸಾರ್, ಕಂತಿನ ಮೇಲೆ ಲ್ಯಾಪ್‌ಟಾಪ್ ಕೊಡಿಸಿಬಿಡಿ.’ ಯಾರ ಕಾಲ ಮುಗಿಯಿತು? ತಾಲ್ಲೂಕು ಕಚೇರಿಯ ಮೇಜಿನ ಮೇಲಿರುವುದು ಏನು? ಬ್ಯಾಂಕಿನ ಕೌಂಟರಿನಲ್ಲಿರುವುದು ಏನು? ಕಂತಿನವರ ಕೈಗೆ ಸಿಗುವ ಅತಿ ಅಗ್ಗದ ಲ್ಯಾಪ್‌ಟಾಪಿನ ಹೊಟ್ಟೆಯೊಳಗೆ ಬಹುಪಾಲು ಇರುವುದು ತೀರ ಬಡಕಲು ಪ್ರೊಸೆಸರ್. ಅನೇಕದರಲ್ಲಿ ರ‍್ಯಾಮ್ ಅನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ನಾಳೆ ಹೆಚ್ಚಿಸಬೇಕೆಂದರೂ ಆಗದು. ಕೆಲವು ವರ್ಷಕ್ಕೆ ಬ್ಯಾಟರಿ ಸೊರಗುತ್ತದೆ, ಕೀಲು ಸಡಿಲವಾಗುತ್ತದೆ, ಒಂದು ಕೀ ಹೋದರೆ ಇಡೀ ಕೀಬೋರ್ಡು ಬದಲಿಸಬೇಕಾಗುತ್ತದೆ. ಡೆಸ್ಕ್‌ಟಾಪಿನಲ್ಲಿ ಕೀಬೋರ್ಡು ಹೋದರೆ ನಾಲ್ಕೈದು ನೂರು ರೂಪಾಯಿಯ ಮಾತು. ಲ್ಯಾಪ್‌ಟಾಪ್ ಓಡಾಡುವವರ ಯಂತ್ರ. ಮಗ್ಗದ ಪಕ್ಕದ ಮೂಲೆಯಲ್ಲಿ ಕೂತು ಓದುವ ಹುಡುಗ ಎಲ್ಲಿಗೆ ಓಡಾಡಬೇಕು?

ಬಡವರಿಗೆಂದೇ ಬೇರೆ ಯಂತ್ರ ಮಾಡಿಕೊಡುವ ಚಾಳಿಯೂ ನಮ್ಮಲ್ಲಿ ಹಳೆಯದು. ಈ ಶತಮಾನದ ಆರಂಭದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಬೆಂಗಳೂರಿನ ಎನ್‌ಕೋರ್ ಕಂಪನಿಯೂ ಸೇರಿ ‘ಸಿಂಪ್ಯೂಟರ್’ ತಂದರು. ಅಂಗೈ ಗಾತ್ರ, ಹಳ್ಳಿಗನ ಕಂಪ್ಯೂಟರ್ ಎಂಬ ಹೊಗಳಿಕೆ. ಉದ್ದೇಶ ಒಳ್ಳೆಯದಿತ್ತು, ಹೋದದ್ದು ಕೆಲವೇ ಸಾವಿರ. 2011ರ ಅಕ್ಟೋಬರಿನಲ್ಲಿ ದೆಹಲಿಯಲ್ಲಿ ‘ಆಕಾಶ್’ ಟ್ಯಾಬ್ಲೆಟ್ ಬಿಡುಗಡೆಯಾಯಿತು. ಜಗತ್ತಿನಲ್ಲೇ ಅಗ್ಗ ಎಂದು ಡಂಗುರ ಹೊಡೆದರು. ಇವತ್ತು ಅದರ ಹೆಸರು ನೆನಪಿರುವವರೂ ಕಡಿಮೆ. ಎರಡರ ಬೆನ್ನಿಗೂ ಇದ್ದದ್ದು ಒಂದೇ ನಂಬಿಕೆ: ಉಳಿದವರು ಬಳಸುವ ಸಾಮಾನ್ಯ ಕಂಪ್ಯೂಟರ್ ಬಡವನಿಗೆ ತಕ್ಕುದಲ್ಲ, ಅವನಿಗೊಂದು ಸಣ್ಣದು ಕೊಟ್ಟರಾಯಿತು. ಆ ನಂಬಿಕೆ ಸಾಯಲಿಲ್ಲ. ಸಿಂಪ್ಯೂಟರ್ ಬಿಟ್ಟು ಆಕಾಶ್ ಹಿಡಿಯಿತು, ಆಕಾಶ್ ಬಿಟ್ಟು ಈಗ ಅಗ್ಗದ ಫೋನಿನೊಳಗೆ ಸೇರಿಕೊಂಡಿದೆ.

ಮೂರನೇ ಆಕ್ಷೇಪಣೆಗೆ ನನಗೆ ನಗು ಬರುತ್ತದೆ. ‘ಬಿಡಿಭಾಗ ತಂದು ಜೋಡಿಸೋದು ಬೆಂಗಳೂರಿನ ಹುಡುಗರ ಶೋಕಿ. ನಮ್ಮೋರು ಮುಟ್ಟಿದರೆ ಸುಟ್ಟೇ ಹೋಗುತ್ತೆ.’ ಯಾರ ಬಗ್ಗೆ ಹೇಳುತ್ತಿದ್ದೀರಿ? ಕೊಳವೆಬಾವಿಯ ಮೋಟರು ಬಿಚ್ಚಿ ವೈಂಡಿಂಗ್ ಕಟ್ಟುವವರ ಬಗ್ಗೆಯೆ? ಟ್ರ್ಯಾಕ್ಟರಿನ ಎಂಜಿನನ್ನು ಬಯಲಿನಲ್ಲೇ ಬಿಚ್ಚಿ ಕೂರಿಸುವವರ ಬಗ್ಗೆಯೆ? 2011ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ರೇಷ್ಮೆ ಸೀರೆಯನ್ನು ನೇಯುವ ಊರಿನವರ ಬಗ್ಗೆಯೆ? ನೇಕಾರ ಮಗ್ಗವನ್ನು ಸೀಲು ಮಾಡಿದ ಡಬ್ಬಿಯಾಗಿ ಕೊಳ್ಳುವುದಿಲ್ಲ. ಲಾಳಿ ಸವೆದರೆ ಲಾಳಿ, ಹಣಿಗೆ ಹೋದರೆ ಹಣಿಗೆ ಬದಲಿಸುತ್ತಾನೆ. ಮಗ್ಗ ಮಾತ್ರ ತಲೆಮಾರು ದಾಟುತ್ತದೆ. ಡೆಸ್ಕ್‌ಟಾಪಿನ ಜಾತಿಯೂ ಅದೇ.

ಅಷ್ಟೇ ಏಕೆ, ಕಂಪ್ಯೂಟರಿನ ವಂಶವೃಕ್ಷದಲ್ಲೇ ಮಗ್ಗವಿದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬಾತ ರಟ್ಟಿನ ಹಾಳೆಗಳಿಗೆ ತೂತು ಹೊಡೆದು, ಯಾವ ಎಳೆ ಏಳಬೇಕು ಯಾವುದು ಕೂರಬೇಕು ಎಂಬುದನ್ನು ಮಗ್ಗಕ್ಕೇ ಹೇಳುವ ಉಪಾಯ ಮಾಡಿದ. ತೂತಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಕಲ್ಪನೆಗೆ ಆ ರಟ್ಟುಗಳನ್ನೇ ಎರವಲು ಪಡೆದ. 1890ರ ಅಮೆರಿಕದ ಜನಗಣತಿಯನ್ನು ಹಾಲರಿತ್ ಎಣಿಸಿದ್ದೂ ತೂತಿನ ಕಾರ್ಡುಗಳಿಂದಲೇ. ಅವನ ಕಂಪನಿ ಮುಂದೆ ಐಬಿಎಂನ ಬುನಾದಿಯಾಯಿತು. ಮಗ್ಗದ ಮನೆಯ ಮಗುವಿಗೆ ಕಂಪ್ಯೂಟರ್ ಪರಕೀಯ ಎನ್ನುವವರಿಗೆ ಮಗ್ಗವೂ ಗೊತ್ತಿಲ್ಲ, ಕಂಪ್ಯೂಟರೂ ಗೊತ್ತಿಲ್ಲ.

ಜೋಡಿಸುವುದರಲ್ಲಿ ಇರುವುದಾದರೂ ಏನು? ಬೋರ್ಡಿನ ಮೇಲೆ ಪ್ರೊಸೆಸರಿನ ಮೂಲೆಯ ಬಾಣದ ಗುರುತನ್ನು ಸಾಕೆಟ್ಟಿನ ಗುರುತಿಗೆ ಹೊಂದಿಸಿ, ಒತ್ತದೆ, ಮೆಲ್ಲಗೆ ಇಡಬೇಕು. ಅದರ ಮೇಲೆ ಕಡಲೆ ಕಾಳಿನಷ್ಟು ಥರ್ಮಲ್ ಪೇಸ್ಟ್, ಮೇಲೆ ಫ್ಯಾನು. ರ‍್ಯಾಮ್ ಪಟ್ಟಿಯ ಕಚ್ಚು ನೋಡಿ, ಟಕ್ ಎನ್ನುವವರೆಗೆ ಒತ್ತಬೇಕು. ಎಸ್‌ಎಸ್‌ಡಿಗೊಂದು ಸ್ಕ್ರೂ. ಹೆಚ್ಚಿನ ಪ್ಲಗ್ಗುಗಳು ಒಂದೇ ದಿಕ್ಕಿನಲ್ಲಿ ಕೂರುವಂತೆ ಮಾಡಿರುತ್ತಾರೆ. ಮೊದಲ ಸಲ ಆನ್ ಆಗದಿದ್ದರೆ ಕಾರಣ ಬಹುತೇಕ ಮೂರರಲ್ಲಿ ಒಂದು: ರ‍್ಯಾಮ್ ಪೂರ್ತಿ ಕೂತಿಲ್ಲ, ಪ್ರೊಸೆಸರಿಗೆ ಹೋಗುವ ಪ್ರತ್ಯೇಕ ವಿದ್ಯುತ್ ತಂತಿ ಸಿಕ್ಕಿಸಲು ಮರೆತಿದ್ದೀರಿ, ಇಲ್ಲವೇ ಕ್ಯಾಬಿನೆಟ್ಟಿನ ಸ್ವಿಚ್ಚಿನ ಸಣ್ಣ ತಂತಿ ತಪ್ಪು ಪಿನ್ನಿಗೆ ಹೋಗಿದೆ. ನಾನು ಮೊದಲ ಬಾರಿ ಜೋಡಿಸಿದಾಗ ಎರಡನೆಯದನ್ನು ಮಾಡಿ, ಅರ್ಧ ದಿನ ಬೆವರಿ, ಎಲ್ಲವನ್ನೂ ಸುಟ್ಟೆನೆಂದು ಊಟ ಬಿಟ್ಟು ಕೂತಿದ್ದೆ. ತಂತಿ ಸಿಕ್ಕಿಸಿದೆ, ಹತ್ತಿಕೊಂಡಿತು. ಆ ಅರ್ಧ ದಿನದಲ್ಲಿ ಕಲಿತಷ್ಟು ಕಂಪ್ಯೂಟರನ್ನು ಯಾವ ಸರ್ಟಿಫಿಕೇಟ್ ಕೋರ್ಸೂ ನನಗೆ ಕಲಿಸಿರಲಿಲ್ಲ.

ಇನ್ನು ದುಡ್ಡಿನ ಮಾತು. ‘ಬಜೆಟ್ ಪಿಸಿ’ ಎಂದು ವಿಡಿಯೊ ಮಾಡುವ ಪುಣ್ಯಾತ್ಮರ ಲೆಕ್ಕ ಶುರುವಾಗುವುದೇ ಐವತ್ತು ಸಾವಿರದಿಂದ. ಬಣ್ಣದ ದೀಪದ ಕ್ಯಾಬಿನೆಟ್ಟು, ಆಟಕ್ಕೊಂದು ಗ್ರಾಫಿಕ್ಸ್ ಕಾರ್ಡು. ಶೇಂಗಾ ಬೆಳೆದು ಐವತ್ತು ಸಾವಿರ ಉಳಿಸಿದ ರೈತನನ್ನು ಇವರು ನೋಡಿದ್ದಾರೆಯೆ? ಇವರ ಬಜೆಟ್ಟನ್ನು ಕಂಡೇ ನಮ್ಮ ಅಪ್ಪಂದಿರು ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂದು ಮುದುರಿ ಮಲಗುತ್ತಾರೆ. ಓದುವ ಹುಡುಗಿಗೆ ಗ್ರಾಫಿಕ್ಸ್ ಕಾರ್ಡು ಬೇಕಿಲ್ಲ. ಪ್ರೊಸೆಸರಿನೊಳಗೇ ಇರುವ ಗ್ರಾಫಿಕ್ಸ್ ಸಾಕು. ರೈಜನ್ 5600ಜಿಯಂಥದ್ದನ್ನೋ ಅದಕ್ಕಿಂತ ಸಣ್ಣದನ್ನೋ ಹಿಡಿದು ಹೊಸದಾಗಿಯೇ ಜೋಡಿಸಿದರೆ ಮಾನಿಟರೂ ಸೇರಿ ಮೂವತ್ತು ಸಾವಿರದ ಗೆರೆ ದಾಟುತ್ತದೆ, ಒಪ್ಪುತ್ತೇನೆ. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರುಗಳು ಜಗತ್ತಿನ ಮೆಮೊರಿ ಚಿಪ್ಪುಗಳನ್ನೆಲ್ಲ ಬಾಚಿಕೊಳ್ಳುತ್ತಿರುವುದರಿಂದ ರ‍್ಯಾಮ್ ಬೆಲೆ ಶೇಂಗಾ ದರವನ್ನೂ ನಾಚಿಸುವಂತೆ ಜಿಗಿದಿದೆ. ಅದಕ್ಕೆ ಉಪಾಯವೂ ಡೆಸ್ಕ್‌ಟಾಪಿನಲ್ಲೇ ಇದೆ: ಈಗ 8 ಜಿಬಿಯ ಒಂದೇ ಪಟ್ಟಿ ಹಾಕಿ, ಪಕ್ಕದ ಜಾಗ ಖಾಲಿ ಬಿಡಿ. ದರ ಇಳಿದ ವರ್ಷ ಎರಡನೆಯದು. ಬೆಸುಗೆ ಹಾಕಿದ ಲ್ಯಾಪ್‌ಟಾಪಿನಲ್ಲಿ ಈ ಕಾಯುವ ಸ್ವಾತಂತ್ರ್ಯ ಉಂಟೆ?

ಮೂವತ್ತೂ ಆಗದಿದ್ದರೆ ಇನ್ನೊಂದು ದಾರಿಯಿದೆ, ಅದನ್ನು ಯಾರೂ ನಮಗೆ ಹೇಳುತ್ತಿಲ್ಲ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಬೇಕೆಂದರೆ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ಈಚಿನ ಪ್ರೊಸೆಸರ್ ಬೇಕೆಂದು ಗೆರೆ ಎಳೆಯಿತು. ಆ ಗೆರೆಯಿಂದಾಚೆ ಉಳಿದ ಆರನೇ, ಏಳನೇ ತಲೆಮಾರಿನ ಗಟ್ಟಿಮುಟ್ಟಾದ ಆಫೀಸು ಡೆಸ್ಕ್‌ಟಾಪುಗಳನ್ನು, ಡೆಲ್, ಎಚ್‌ಪಿ, ಲೆನೊವೊ ಯಂತ್ರಗಳನ್ನು, ಕಂಪನಿಗಳು ಹೊರಹಾಕುತ್ತಿವೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಪಿಯು ಡಬ್ಬಿ ಹತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಹಳೆಯ ಮಾನಿಟರ್, ಕೀಬೋರ್ಡು, ಮೌಸು, ಒಂದು ಯುಪಿಎಸ್ ಸೇರಿಸಿದರೂ ಹದಿನೇಳು ಸಾವಿರದೊಳಗೆ ಲೆಕ್ಕ ಮುಗಿಸಬಹುದು. ಅದು ಒಂದು ಮಧ್ಯಮ ದರ್ಜೆಯ ಫೋನಿನ ಬೆಲೆ! ಆ ಫೋನನ್ನು ಮೂರು ವರ್ಷಕ್ಕೊಮ್ಮೆ ಬದಲಿಸುವಾಗ ನಮಗೆ ಹಾಸಿಗೆಯೂ ನೆನಪಾಗುವುದಿಲ್ಲ, ಕಾಲೂ ನೆನಪಾಗುವುದಿಲ್ಲ. ಕೊಳ್ಳುವಾಗ ತೆಳ್ಳನೆಯ ಡಬ್ಬಿ ಬೇಡ. ಎತ್ತರದ ಟವರ್ ಮಾದರಿ ಕೇಳಿ. ತೆಳ್ಳನೆಯದರಲ್ಲಿ ಒಳಗಿನ ಭಾಗಗಳಿಗೆ ಕರೆಂಟು ಹಂಚುವ ಎಸ್‌ಎಂಪಿಎಸ್ ಕೂಡ ಆಯಾ ಕಂಪನಿಯದೇ ಬೇಕಾಗುತ್ತದೆ.

ಇಲ್ಲಿ ಮೋಸವೂ ಇದೆ, ಆ ಮೋಸ ಬೆಳೆಯುತ್ತಿರುವುದು ನಮ್ಮ ಅಜ್ಞಾನದ ಗೊಬ್ಬರದಲ್ಲಿ. ‘ಹೊಸ ಐ5 ಫುಲ್ ಸೆಟ್, ಹನ್ನೆರಡು ಸಾವಿರ’ ಎಂಬ ಜಾಹೀರಾತು ನೋಡಿರುತ್ತೀರಿ. ಹೊಸದು ಕ್ಯಾಬಿನೆಟ್ಟು ಮಾತ್ರ. ಒಳಗಿರುವುದು 2011ರ ಎಚ್‌61 ಚಿಪ್‌ಸೆಟ್ಟಿನ ಬೋರ್ಡು, ಎರಡನೆಯದೋ ಮೂರನೆಯದೋ ತಲೆಮಾರಿನ ಪ್ರೊಸೆಸರು. ಐ5 ಎಂಬುದು ಮನೆತನದ ಹೆಸರು. ವಯಸ್ಸು ತಿಳಿಯಬೇಕಾದರೆ ಮುಂದಿನ ಅಂಕಿ ನೋಡಬೇಕು. ಐ5-3470 ಅಂದರೆ ಮೂರನೇ ತಲೆಮಾರು, ಐ5-6500 ಅಂದರೆ ಆರನೆಯದು. ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ಎಣಿಸುವ ಜನ ನಾವು. ಕಂಪ್ಯೂಟರಿನ ಹಲ್ಲು ಎಣಿಸುವುದನ್ನು ಮಕ್ಕಳಿಗೆ ಯಾಕೆ ಕಲಿಸಲಿಲ್ಲ?

ಕಲಿಸಬೇಕಾದದ್ದನ್ನು ಬಿಟ್ಟು ಭಯ ಕಲಿಸಿದೆವು. ‘ನಮ್ಮೂರ ಕರೆಂಟಿಗೆ ಕಂಪ್ಯೂಟರ್ ತಡೆಯಲ್ಲ.’ ಕರೆಂಟಿನ ಮೇಲೆ ಹೊರಿಸುವ ಮೊದಲು ಗೋಡೆಯ ಮೂರನೇ ರಂಧ್ರ ನೋಡಿ. ಎಷ್ಟು ಮನೆಯಲ್ಲಿ ಅರ್ಥಿಂಗ್ ಸರಿಯಿದೆ? ಮಳೆ ಕಾಣದ ಈ ಸೀಮೆಯ ಒಣ ನೆಲದಲ್ಲಿ ಅರ್ಥಿಂಗ್ ಗುಂಡಿಗೆ ಉಪ್ಪು ಇದ್ದಲು ಹಾಕಿ, ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಸುರಿಯಬೇಕೆಂಬುದು ಪಂಪ್‌ಸೆಟ್ಟಿನ ರೈತನಿಗೆ ಗೊತ್ತು. ಅದೇ ಬುದ್ಧಿಯನ್ನು ಮನೆಗೂ ತನ್ನಿ. ಹೆಸರಿಲ್ಲದ ಎಸ್‌ಎಂಪಿಎಸ್ ಬಿಟ್ಟು, ದೀಪದ ಶೋಕಿ ಬಿಟ್ಟು, ಉಳಿದ ದುಡ್ಡನ್ನು ಒಳ್ಳೆಯ ಎಸ್‌ಎಂಪಿಎಸ್‌ಗೆ, ಯುಪಿಎಸ್‌ಗೆ ಹಾಕಿ. ಆರು ತಿಂಗಳಿಗೊಮ್ಮೆ ಬಿಚ್ಚಿ ಕುಂಚದಿಂದ ದೂಳು ಹೊಡೆಯಿರಿ. ಇಷ್ಟೇ ಮಂತ್ರ.

‘ಸಾಫ್ಟ್‌ವೇರಿಗೆ ದುಡ್ಡು?’ ಕದ್ದ ವಿಂಡೋಸ್ ಹಾಕಿಸಿಕೊಂಡು ಅದರ ಜೊತೆ ವೈರಸ್ಸನ್ನೂ ಮನೆಗೆ ತರುವ ಕರ್ಮ ಬೇಡ. ಉಬುಂಟು, ಲಿನಕ್ಸ್ ಮಿಂಟ್ ಬಿಟ್ಟಿ ಸಿಗುತ್ತವೆ, ಆರನೇ ತಲೆಮಾರಿನ ಯಂತ್ರದ ಮೇಲೆ ಸಲೀಸಾಗಿ ಓಡುತ್ತವೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬೆಳೆದು, ಕನ್ನಡ ಗಣಕ ಪರಿಷತ್ತಿನ ಹೆಸರು ಹೊತ್ತ ‘ಕಗಪ’ ಕೀಲಿಮಣೆ ಲಿನಕ್ಸಿನೊಳಗೇ ಕೂತಿದೆ; ಆರಿಸಿಕೊಂಡರೆ ಕನ್ನಡ ಹರಿಯುತ್ತದೆ. ಇಂಟರ್‌ನೆಟ್ಟಿಗೆ? ಇದೋ, ಇಲ್ಲಿ ನಿಮ್ಮ ಫೋನಿಗೆ ಕೆಲಸ ಬಂತು. ಚಾರ್ಜಿನ ವಯರಿನಲ್ಲೇ ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಟೆದರಿಂಗ್ ಒತ್ತಿ. ಫೋನ್ ತನ್ನ ಯೋಗ್ಯ ಸ್ಥಾನಕ್ಕೆ ಬಂತು: ಮನೆಯ ಯಜಮಾನನಲ್ಲ, ನೀರು ತರುವ ಆಳು.

‘ಕಂಪ್ಯೂಟರ್ ಬಂದರೆ ಮಕ್ಕಳು ಕೆಡುತ್ತಾರೆ’ ಎನ್ನುವ ಅಪ್ಪಂದಿರಿಗೆ ಒಂದು ಪ್ರಶ್ನೆ. ಕಂಬಳಿಯೊಳಗೆ ಹೊಕ್ಕು ರಾತ್ರಿ ಒಂದು ಗಂಟೆಗೆ ಬೆಳಗುವುದು ಯಾವುದು, ಫೋನೋ ಡೆಸ್ಕ್‌ಟಾಪೋ? ಪಡಸಾಲೆಯಲ್ಲಿ ಕೂತ ಡೆಸ್ಕ್‌ಟಾಪಿನ ಪರದೆ ಎಲ್ಲರಿಗೂ ಕಾಣುತ್ತದೆ. ಇನ್ನೊಂದು ಮಾತನ್ನೂ ಕೇಳಿಸಿಕೊಳ್ಳಿ. ಫೋನ್ ಬಳಸಬಲ್ಲ ಆ ಹದಿಹರೆಯದವರಲ್ಲಿ ಸ್ವಂತ ಫೋನ್ ಇದ್ದ ಹುಡುಗರು ನೂರಕ್ಕೆ 36, ಹುಡುಗಿಯರು 27 ಎಂದು ಅದೇ ಅಸರ್ ವರದಿ ಹೇಳುತ್ತದೆ. ಫೋನ್ ಯಾವಾಗಲೂ ಯಾರದೋ ಒಬ್ಬರದು. ಅಪ್ಪ ಹೊಲಕ್ಕೆ ಹೋದರೆ ಅವನ ಜೇಬಿನಲ್ಲಿ, ಅಣ್ಣ ಪೇಟೆಗೆ ಹೋದರೆ ಅವನ ಕೈಯಲ್ಲಿ. ಮೇಜಿನ ಮೇಲಿನ ಕಂಪ್ಯೂಟರ್ ಎದ್ದು ಯಾರ ಹಿಂದೆಯೂ ಹೋಗುವುದಿಲ್ಲ, ಮನೆಯಲ್ಲಿ ಉಳಿದ ಹುಡುಗಿಗೆ ಅದೂ ಉಳಿಯುತ್ತದೆ. ‘ಫೋನ್ ಸಾಕು’ ಎಂಬ ತೀರ್ಪಿನಲ್ಲಿ ಮೊದಲು ಸೋಲುವವಳು ಅವಳೇ.

ಇಷ್ಟೆಲ್ಲ ಆಗುತ್ತಿರುವುದು ಯಾವ ನೆಲದಲ್ಲಿ? ‘ವಿಜ್ಞಾನ ನಗರಿ’ ಎಂದು ಬೋರ್ಡು ಹೊತ್ತ ಚಳ್ಳಕೆರೆಯಲ್ಲಿ. ದನಕುರಿ ಮೇಯುತ್ತಿದ್ದ ಅಮೃತಮಹಲ್ ಕಾವಲಿನ ಸಾವಿರಾರು ಎಕರೆ ರಕ್ಷಣಾ, ಅಣು, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಭಾರತೀಯ ವಿಜ್ಞಾನ ಸಂಸ್ಥೆಗೇ ಕುದಾಪುರದ ಬಳಿ 1,500 ಎಕರೆ. 2017ರಲ್ಲಿ ಡಿಆರ್‌ಡಿಒ ಪರೀಕ್ಷಾ ತಾಣ ಉದ್ಘಾಟನೆಯಾಯಿತು. 2023ರ ಏಪ್ರಿಲ್ 2ರಂದು, ಮತ್ತೆ 2024ರ ಮಾರ್ಚ್ ಮತ್ತು ಜೂನ್‌ನಲ್ಲಿ, ಇಸ್ರೊದ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಲ್ಲಿ ಬಿಟ್ಟರು. ಪೈಲಟ್ ಇಲ್ಲ, ಒಳಗಿನ ಕಂಪ್ಯೂಟರೇ ದಾರಿ ತಿದ್ದಿಕೊಂಡು ನಮ್ಮ ಕಾವಲಿನ ರನ್‌ವೇ ಮೇಲೆ ಇಳಿಯಿತು. ಬೇಲಿಯ ಈಚೆ ನಿಂತ ನಮ್ಮ ಮಕ್ಕಳು ಅದನ್ನು ಹೇಗೆ ನೋಡಿದರು? ಫೋನಿನಲ್ಲಿ! ಹುಲ್ಲು ಕೊಟ್ಟವರ ಮಕ್ಕಳಿಗೆ ವಿಡಿಯೊ ಸಿಕ್ಕಿತು. ಬೇಲಿಯಾಚೆ ಪ್ರೋಗ್ರಾಮ್ ಬರೆಯುವವರ ಕುರ್ಚಿಯಲ್ಲಿ ನಾಳೆ ಈ ತಾಲ್ಲೂಕಿನವರು ಕೂರುತ್ತಾರೋ, ಅಥವಾ ಗೇಟಿನ ಕಾವಲಿಗೆ ಮಾತ್ರ ನಿಲ್ಲುತ್ತಾರೋ ಎಂಬುದು ಈವತ್ತು ನಮ್ಮ ಪಡಸಾಲೆಗಳಲ್ಲಿ ತೀರ್ಮಾನವಾಗುತ್ತಿದೆ.

ಆದ್ದರಿಂದ ವಿನಂತಿಯ ಧಾಟಿ ಬಿಟ್ಟು ಕೇಳುತ್ತೇನೆ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಿಗೆ ಸೀಲು ಮಾಡಿದ ಪೆಟ್ಟಿಗೆಗಳನ್ನು ಟೆಂಡರಿನಲ್ಲಿ ತರಿಸುವುದನ್ನು ನಿಲ್ಲಿಸಿ. ಬಿಡಿಭಾಗ ತರಿಸಿ, ಊರಿನ ಐಟಿಐ, ಪಿಯು ಹುಡುಗ ಹುಡುಗಿಯರ ಕೈಯಲ್ಲೇ ಜೋಡಿಸಿ. ಜೋಡಿಸಿದವರೇ ರಿಪೇರಿಗೂ ಬರುತ್ತಾರೆ. ಶಾಲೆಯ ಕಂಪ್ಯೂಟರ್ ಕೋಣೆಗೆ ಹಾಕಿದ ಬೀಗ ತೆಗೆಯಿರಿ. ಕೆಟ್ಟು ಕೂತ ಯಂತ್ರವನ್ನು ಎಂಟನೇ ತರಗತಿಯ ಮುಂದೆ ಬಿಚ್ಚಿಡಿ. ಕೆಟ್ಟದ್ದು ಇನ್ನೇನು ಕೆಟ್ಟೀತು? ಕಾವಲಿನಲ್ಲಿ ಕೂತ ದೊಡ್ಡ ಸಂಸ್ಥೆಗಳು ತಮ್ಮ ಕಚೇರಿಯಿಂದ ನಿವೃತ್ತಿ ಮಾಡುವ ಡೆಸ್ಕ್‌ಟಾಪುಗಳನ್ನು ಡಿಸ್ಕು ಅಳಿಸಿ, ಗುಜರಿಗೆ ಹಾಕುವ ಬದಲು ಈ ಎರಡು ತಾಲ್ಲೂಕಿನ ಹಾಸ್ಟೆಲುಗಳಿಗೆ ಕೊಡಲಿ. ಅದು ದಾನವೇನಲ್ಲ, ಹುಲ್ಲುಗಾವಲಿನ ಬಾಡಿಗೆ. ಹಸು, ಹೊಲಿಗೆ ಯಂತ್ರಕ್ಕೆ ಸಾಲ ಕೊಡುವ ಸ್ವಸಹಾಯ ಸಂಘಗಳು ಬೀದಿಗೊಂದು ಕಂಪ್ಯೂಟರಿಗೂ ಕೊಡಲಿ. ಮತ್ತು ಅಪ್ಪ, ಅಮ್ಮ, ನೀವು ಮುಂದಿನ ಹಬ್ಬಕ್ಕೆ ಹೊಸ ಫೋನಿನ ಅಂಗಡಿ ಮೆಟ್ಟಿಲು ಹತ್ತುವ ಮೊದಲು ಒಂದು ವರ್ಷ ಹಳೆಯದರಲ್ಲೇ ಸುಧಾರಿಸಿ. ಆ ದುಡ್ಡಿಗೆ ಒಂದು ಮಾನಿಟರ್, ಒಂದು ಡಬ್ಬಿ, ಒಂದು ಸ್ಕ್ರೂಡ್ರೈವರ್ ತನ್ನಿ.

ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಬಿ.ಎಲ್. ರೈಸ್ 1892ರಲ್ಲಿ ಅವನ್ನು ಬೆಳಕಿಗೆ ತಂದರು. ಸುಮಾರು 2,250 ವರ್ಷಗಳ ಹಿಂದಿನ ಆ ಬರಹಗಳಲ್ಲಿ ಆಳುವವರು ಹೇಳಿದ್ದಾರೆ, ಆಳಿಸಿಕೊಳ್ಳುವವರು ಕೇಳಿದ್ದಾರೆ. ಆದರೆ ಕೊನೆಯಲ್ಲಿ ಇನ್ನೊಬ್ಬನ ಹೆಸರಿದೆ: ಚಪಡ. ಅವನು ಚಕ್ರವರ್ತಿಯಲ್ಲ, ಮಹಾಮಾತ್ರನೂ ಅಲ್ಲ. ಬರೆದವನು. ಬ್ರಾಹ್ಮಿಯ ಸಾಲುಗಳ ಕೊನೆಗೆ, ದೂರದ ವಾಯವ್ಯದ ಖರೋಷ್ಠಿ ಲಿಪಿಯಲ್ಲಿ, ತನ್ನ ಕಸುಬಿನ ಹೆಸರನ್ನು ಹೆಮ್ಮೆಯಿಂದ ಕೆತ್ತಿದ: ಲಿಪಿಕಾರ. ಆ ಆಜ್ಞೆಯನ್ನು ಕೇಳಿಸಿಕೊಂಡ ಸಾವಿರಾರು ಜನರಲ್ಲಿ ಒಬ್ಬರ ಹೆಸರೂ ನಮಗೆ ಗೊತ್ತಿಲ್ಲ. ಉಳಿ ಹಿಡಿದವನ ಹೆಸರು ಗೊತ್ತಿದೆ.

ನಮ್ಮ ಮಕ್ಕಳ ಕೈಗೆ ಉಳಿ ಕೊಡಿ. ತೋರಿಸಿದ್ದನ್ನು ನೋಡುತ್ತಾ ಕೂರುವ ಯಂತ್ರ ಅವರ ಬಳಿ ಆಗಲೇ ಇದೆ.